ಬೀಳು ಬಿಟ್ಟ ಮೂರು ಸಾಲು

ಅಂಜಮ್ಮನಿಗೆ ಹೊಗೆಸೊಪ್ಪಿನ ಸಹವಾಸ ಅಂಟಿಕೊಂಡದ್ದು ಒಂದು ಹಲ್ಲುನೋವಿನಿಂದ. ಹಲ್ಲು ಕಿತ್ತು ಮೂವತ್ತು ವರ್ಷವಾಯಿತು, ಹೊಗೆಸೊಪ್ಪು ಮಾತ್ರ ಉಳಿದುಕೊಂಡಿತು. ಬೆಳಿಗ್ಗೆ ಕಾಫಿಯಾದ ಮೇಲೆ ಒಂದು ಚೂರು, ತೋಟದಿಂದ ಬಂದ ಮೇಲೆ ಒಂದು ಚೂರು, ಮಧ್ಯಾಹ್ನದ ಮುದ್ದೆ ಇಳಿಯಲೆಂದು ಒಂದು, ಬೇಜಾರಾದರೆ ಒಂದು, ಬೇಜಾರು ಕಳೆದರೆ ಇನ್ನೊಂದು. ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆಯ ಚೀಲ ಒಂದು ಗಳಿಗೆ ಕೈಗೆ ಸಿಗದಿದ್ದರೆ ಮನೆಯನ್ನೇ ತಲೆಕೆಳಗು ಮಾಡುವ ಹೆಂಗಸು. ಯಲ್ದೂರಿನಲ್ಲಿ ಹೊಗೆಸೊಪ್ಪು ಮಾರುವವನು ಆಕೆಯನ್ನು ಕಂಡರೆ ಎದ್ದು ನಿಂತು ಮಾತಾಡಿಸುತ್ತಿದ್ದ.

ಇಂಥ ಅಂಜಮ್ಮ ಬದುಕಿಡೀ ಮಾಡಿದ್ದು ರೇಷ್ಮೆ ಹುಳದ ಚಾಕರಿ. ಹುಳಕ್ಕೂ ಹೊಗೆಸೊಪ್ಪಿಗೂ ಆಗಿಬರುವುದಿಲ್ಲ. ಹೊಗೆಸೊಪ್ಪು ಮುಟ್ಟಿದ ಬೆರಳಿನಿಂದ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಸಾಕು, ತಿಂದ ಹುಳ ತಲೆ ಎತ್ತಿ, ಹಸಿರು ನೀರು ಕಕ್ಕಿ ಸಾಯುತ್ತದೆ. ಯಲ್ದೂರಿನ ಆಸುಪಾಸಿನ ಹಳ್ಳಿಗಳಲ್ಲಿ ಇದು ಚಡ್ಡಿ ಹಾಕುವ ಮಕ್ಕಳಿಗೂ ಗೊತ್ತು. ಅದಕ್ಕೇ ಅಂಜಮ್ಮ ಹುಳದ ಮನೆಗೆ ಹೋಗುವ ಮುಂಚೆ ಚೀಲವನ್ನು ದನದ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ, ಬಾಯಿ ಮುಕ್ಕಳಿಸಿ, ಬೂದಿಯಲ್ಲಿ ಕೈ ಉಜ್ಜಿ ತೊಳೆದು, ಸೀರೆ ಬದಲಿಸಿಕೊಂಡೇ ಹೊಸ್ತಿಲು ದಾಟುತ್ತಿದ್ದಳು. ದೇವಸ್ಥಾನಕ್ಕೆ ಹೋಗುವಾಗಲೂ ಇಷ್ಟು ಮಡಿ ಮಾಡಿದವಳಲ್ಲ. ಗಂಡ ತೀರಿಕೊಂಡ ಮೇಲೆ ಮಗ ಉಮಾಶಂಕರನನ್ನು ಓದಿಸಿದ್ದು, ಮನೆಗೆ ತಾರಸಿ ಹಾಕಿಸಿದ್ದು, ಎಲ್ಲ ಆ ಹುಳಗಳ ಋಣ ಎಂದು ಆಕೆ ನಂಬಿದ್ದಳು.

ಸೊಸೆ ಶ್ರೀವಾಣಿ ಮುಳಬಾಗಿಲಿನ ಕಡೆಯವಳು, ಚುರುಕಿನ ಹುಡುಗಿ. ಅವಳು ಬಂದ ಮೇಲೆ ತೋಟದ ಮಗ್ಗುಲಿಗೆ ಶೀಟಿನ ಹೊಸ ಹುಳದ ಮನೆ ಎದ್ದಿತು. ಹುಳ ಸಾಕುವ ಕಬ್ಬಿಣದ ಸ್ಟ್ಯಾಂಡು, ಗೋಡೆಗೆ ಶಾಖ ನೋಡುವ ಮೀಟರು, ಚಳಿಗಾಲಕ್ಕೆ ಕರೆಂಟಿನ ಹೀಟರು. ಅತ್ತೆಗೆ ಮೀಟರಿನಲ್ಲಿ ನಂಬಿಕೆಯಿಲ್ಲ, ಸೊಸೆಗೆ ಅದು ಬಿಟ್ಟರೆ ಬೇರೆ ನಂಬಿಕೆಯಿಲ್ಲ. ಆದರೂ ಇಬ್ಬರೂ ಕೂಡಿ ಬೆಳೆ ತೆಗೆಯುತ್ತಿದ್ದರು, ಒಳ್ಳೆ ಗೂಡೇ ಬರುತ್ತಿತ್ತು.

ಕೆಟ್ಟದ್ದು ಹೋದ ಶ್ರಾವಣದಲ್ಲಿ. ಅವತ್ತು ಶ್ರೀವಾಣಿ ಬ್ಯಾಂಕಿಗೆ ಹೋಗಿದ್ದಳು. ಅಂಜಮ್ಮ ಅರ್ಧ ಸೊಪ್ಪು ಹಾಕಿ ಮುಗಿಸುವಷ್ಟರಲ್ಲಿ ಹಸು ಹಗ್ಗ ಕಿತ್ತುಕೊಂಡು ಬೀದಿಗೆ ಓಡಿತು. ಅದರ ಹಿಂದೆ ಓಡಿ, ಹಿಡಿದು ತಂದು ಕಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಅಭ್ಯಾಸಬಲ, ಕೈ ತಾನಾಗಿ ಗೂಟದ ಚೀಲಕ್ಕೆ ಹೋಯಿತು. ಒಂದು ಚೂರು ತಿಕ್ಕಿ ದವಡೆಗೆ ಇಟ್ಟುಕೊಂಡು, ಸೊಪ್ಪು ಬಾಡೀತೆಂದು ಹಾಗೇ ಒಳಗೆ ನುಗ್ಗಿದಳು. ಎರಡು ಸ್ಟ್ಯಾಂಡಿಗೆ ಸೊಪ್ಪು ಹಾಕಿದ ಮೇಲೆಯೇ ಬಾಯಲ್ಲಿ ಏನಿದೆ ಎಂಬುದು ಅರಿವಿಗೆ ಬಂದದ್ದು.

ಸಾಯಂಕಾಲಕ್ಕೆ ಆ ಎರಡೂ ಸ್ಟ್ಯಾಂಡಿನ ಹುಳ ಕಕ್ಕತೊಡಗಿದವು. ಶ್ರೀವಾಣಿ ಓಡಿ ಬಂದು ನೋಡಿದಳು. ಅವತ್ತೇ ಬೆಳಿಗ್ಗೆ ಪಕ್ಕದ ಹೊಲದ ಮುನಿಕೃಷ್ಣಪ್ಪ ಟೊಮ್ಯಾಟೊಗೆ ಔಷಧಿ ಹೊಡೆದಿದ್ದ, ಗಾಳಿ ಈ ಕಡೆಗೇ ಇತ್ತು. ಇನ್ನೇನು ಬೇಕು? ಅವಳು ನೇರ ಬದುವಿಗೆ ಹೋಗಿ ನಿಂತು, ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಮುನಿಕೃಷ್ಣಪ್ಪ ಅರವತ್ತರ ಹತ್ತಿರದವನು, ಯಾರ ತಂಟೆಗೂ ಹೋಗದ ಮನುಷ್ಯ. ಔಷಧಿ ಡಬ್ಬಿ ಕೆಳಗಿಟ್ಟು, ಒಂದು ಮಾತೂ ಆಡದೆ ಮನೆ ಕಡೆ ನಡೆದ. ಅದನ್ನು ಶ್ರೀವಾಣಿ ಕೊಬ್ಬು ಎಂದುಕೊಂಡಳು. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ.

ಅಂಜಮ್ಮ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಳು. ಸೊಸೆಯ ಸಿಟ್ಟು ಇಳಿಯಲಿ, ನಾಳೆ ಹೇಳೋಣ ಅಂದುಕೊಂಡಳು. ನಾಳೆ ಎಂಬುದು ಎಂಥ ಸುಖದ ಜಾಗ ಎಂದು ತಪ್ಪು ಮಾಡಿದವರಿಗೇ ಗೊತ್ತು, ಅಲ್ಲಿ ಏನು ಬೇಕಾದರೂ ಇಟ್ಟು ಬರಬಹುದು. ಹಾಗೇ ನಾಲ್ಕು ತಿಂಗಳಾಯಿತು. ಮಂಡಿನೋವು ಎಂದು ನೆಪ ಹೇಳಿ ಆಕೆ ಹುಳದ ಮನೆಗೆ ಹೋಗುವುದನ್ನೇ ಬಿಟ್ಟಳು. ಅತ್ತ ಮುನಿಕೃಷ್ಣಪ್ಪ ಹೊಸದಾಗಿ ಟೊಮ್ಯಾಟೊ ನಾಟಿ ಮಾಡಿದಾಗ, ಇವರ ತೋಟಕ್ಕೆ ತಾಗಿದ ಮೂರು ಸಾಲನ್ನು ಬೀಳು ಬಿಟ್ಟ.

“ನೋಡಿದ್ರಾ ಅತ್ತೆ, ನಮ್ಮ ಮಗ್ಗುಲಲ್ಲಿ ಬೆಳೆ ಇಡೋಕೂ ಆಯಪ್ಪನಿಗೆ ಇಷ್ಟ ಇಲ್ಲ,” ಎಂದಳು ಶ್ರೀವಾಣಿ. ಅಂಜಮ್ಮ ಕೇಳಿಸದವಳ ಹಾಗೆ ರಾಗಿ ಕೇರುತ್ತ ಕೂತಳು.

ಡಿಸೆಂಬರಿನಲ್ಲಿ ಮದ್ರಾಸಿನ ಕಡೆಯಿಂದ ಸೈಕ್ಲೋನು ಎದ್ದಿತು. ಎರಡು ದಿನ ಜಿಟಿಜಿಟಿ, ಮೂರನೆಯ ದಿನ ಗಾಳಿ. ಮಾವಿನ ತೋಪುಗಳ ಸೀಮೆಯಲ್ಲಿ ಗಾಳಿ ಬಂದರೆ ಮೊದಲು ಬೀಳುವುದು ಮಾವಿನ ಮರ, ಮರದ ಜೊತೆ ತಂತಿ, ತಂತಿಯ ಜೊತೆ ಕಂಬ. ಊರಿಗೆ ಬರುವ ಲೈನಿನಲ್ಲೇ ಹದಿನೆಂಟು ಕಂಬ ಮಲಗಿದವು. ಮಾರನೆಯ ಬೆಳಿಗ್ಗೆ ಬಂದ ಲೈನ್‌ಮನ್ ಬೈಕಿನಿಂದ ಇಳಿಯದೆಯೇ, ಒಂದು ವಾರ ಕರೆಂಟಿನ ಆಸೆ ಬಿಡಿ ಎಂದು ಹೇಳಿ ಮುಂದಿನ ಊರಿಗೆ ಹೋದ.

ಊರಿನವರಿಗೆ ಫೋನು, ನೀರು, ಹಿಟ್ಟಿನ ಮಿಲ್ಲಿನ ಚಿಂತೆ. ಶ್ರೀವಾಣಿಗೆ ಹುಳದ ಚಿಂತೆ. ಹುಳ ನಾಲ್ಕನೇ ಜ್ವರದಲ್ಲಿದ್ದವು. ಗೂಡು ಕಟ್ಟುವ ಮುಂಚೆ ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ ಅಲುಗಾಡದೆ ನಿಂತು, ಹಳೇ ಚರ್ಮ ಕಳಚುತ್ತದೆ. ಅದಕ್ಕೇ ಅಲ್ಲಿ ಜ್ವರ ಎನ್ನುವುದು. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಒಂಬತ್ತು ದಿನ ಹೊಟ್ಟೆತುಂಬ ಮೇವು, ಬೆಚ್ಚಗಿನ ಒಣ ಜಾಗ ಬೇಕೇ ಬೇಕು. ಹೀಟರು ಸತ್ತು ಶೀಟಿನ ಮನೆ ಥಂಡಿ ಹಿಡಿದಿತ್ತು. ಮೀಟರು ಹದಿನೇಳು ಡಿಗ್ರಿ ತೋರಿಸುತ್ತಿತ್ತು, ಹುಳಕ್ಕೆ ಬೇಕಾದದ್ದು ಇಪ್ಪತ್ನಾಲ್ಕು. ಜ್ವರದಿಂದ ಎದ್ದ ಹುಳ ಸೊಪ್ಪಿನ ಮೇಲೆ ಸುಮ್ಮನೆ ಬಿದ್ದಿದ್ದವು, ತಿನ್ನುತ್ತಿರಲಿಲ್ಲ.

ಉಮಾಶಂಕರ್ ನರಸಾಪುರದ ಫ್ಯಾಕ್ಟರಿಗೆ ರಜೆ ಹೇಳಿ ಜನರೇಟರು ಹುಡುಕಿಕೊಂಡು ಶ್ರೀನಿವಾಸಪುರಕ್ಕೆ ಹೋದ. ಶಾಮಿಯಾನದ ಕದಿರೇಶನ ಹತ್ತಿರ ಇದ್ದ ಮೂರೂ ಜನರೇಟರುಗಳು ಮದುವೆಗಳಿಗೆ ಹೋಗಿದ್ದವು. ಗಾಳಿಗೆ ಕಂಬ ಬಿದ್ದರೂ ಲಗ್ನ ನಿಲ್ಲುವುದಿಲ್ಲವಲ್ಲ. ಬರಿಗೈಯಲ್ಲಿ ವಾಪಸು ಬಂದ.

ಅವನು ಬರುವಷ್ಟರಲ್ಲಿ ಶ್ರೀವಾಣಿ ಅಂಗೈಯಲ್ಲಿ ಎರಡು ಹುಳ ಹಿಡಿದು ಹೊರಗೆ ನಿಂತಿದ್ದಳು. ಎರಡೂ ಬೆಳ್ಳಗೆ ಬಿಗಿದುಕೊಂಡು ಸೀಮೆಸುಣ್ಣದ ತುಂಡಿನಂತಾಗಿದ್ದವು. ಸುಣ್ಣಕಟ್ಟು ರೋಗ, ಥಂಡಿ ಮತ್ತು ತೇವ ಸೇರಿದರೆ ಬರುವಂಥದ್ದು. ಇವತ್ತು ಎರಡು ಎಂದರೆ ಮೂರು ದಿನಕ್ಕೆ ಮನೆಯೆಲ್ಲ. ಅವಳ ಕಣ್ಣಲ್ಲಿ ನೀರು ನಿಂತಿತ್ತು.

ಅಂಜಮ್ಮ ಹೊಸ್ತಿಲಾಚೆಯಿಂದಲೇ ಒಳಗಿನ ಗಾಳಿ ಮೂಸಿ ನೋಡಿದಳು. “ಈ ಶೀಟಿನ ಕೆಳಗೆ ಇವು ಉಳಿಯಲ್ಲ ಕಣಮ್ಮ,” ಎಂದಳು. “ಮಣ್ಣಿನ ಮಾಳಿಗೆ ಮನೆ ಬೇಕು. ಮೊಳ ದಪ್ಪದ ಗೋಡೆ ಇರೋದು.”

“ಈಗ ಎಲ್ಲಿದೆ ಅತ್ತೆ ಅಂಥ ಮನೆ? ಊರಲ್ಲಿ ಎಲ್ಲಾರೂ ಕೆಡವಿದ್ರು.”

“ಒಂದಿದೆ. ಮುನಿಕೃಷ್ಣಪ್ಪಂದು. ಅವರು ಹೊಸ ಮನೇಲವ್ರೆ, ಹಳೇದ್ರಲ್ಲಿ ರಾಗಿ ಮೂಟೆ ಹಾಕವ್ರೆ.”

ಶ್ರೀವಾಣಿ ಮುಖ ತಿರುಗಿಸಿದಳು. “ಹುಳ ಸಾಯಿಸಿದೋರ ಮನೆಗೇ ಹುಳ ತಗೊಂಡ್ಹೋಗೋದಾ? ನಾನಂತೂ ಕೇಳಲ್ಲ.”

“ನಾನು ಕೇಳ್ತೀನಿ,” ಎಂದಳು ಅಂಜಮ್ಮ.

ಹೊರಡುವ ಮುಂಚೆ ಸೊಂಟದ ಚೀಲ ಬಿಚ್ಚಿ ಮಗನ ಕೈಗೆ ಕೊಟ್ಟಳು. “ಹುಳ ಗೂಡಿಗೆ ಹತ್ತೋವರ್ಗೂ ಇದು ನಿನ್ನ ಹತ್ರ ಇರ್ಲಿ. ನಾನು ಕಾಲು ಹಿಡಿದ್ರೂ ಕೊಡಬ್ಯಾಡ.” ಉಮಾಶಂಕರ್ ಚೀಲವನ್ನೂ ತಾಯಿಯನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. ಅಪ್ಪ ತೀರಿಕೊಂಡ ದಿನವೂ ಆ ಚೀಲ ಆಕೆಯ ಸೊಂಟದಲ್ಲೇ ಇತ್ತು.

ದಾರಿಯುದ್ದಕ್ಕೂ ಅಂಜಮ್ಮ ಮಾತು ಜೋಡಿಸಿಕೊಂಡಳು. ಮೊದಲು ತಪ್ಪು ಒಪ್ಪಿಕೊಳ್ಳಬೇಕು, ಆಮೇಲೆ ಮನೆ ಕೇಳಬೇಕು. ಕೊಟ್ಟರೆ ಕೊಡಲಿ, ಬೈದರೆ ಬೈಯಲಿ. ಮುನಿಕೃಷ್ಣಪ್ಪ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಆಕೆಯನ್ನು ಕಂಡು ದಡಕ್ಕನೆ ಎದ್ದ.

“ಹುಳ ಹೆಂಗವೆ ಅಕ್ಕಯ್ಯ?” ಅವನೇ ಮೊದಲು ಕೇಳಿದ.

“ಥಂಡಿ ಕಣೋ. ಬೆಳ್ಳಗಾಗ್ತಾವೆ. ನಿನ್ನ ಮಾಳಿಗೆ ಮನೆ...”

ಆಕೆ ಮುಗಿಸುವಷ್ಟರಲ್ಲಿ ಅವನು ಕಂಬಳಿ ಬಿಸಾಕಿ ಅಂಗಳಕ್ಕಿಳಿದಿದ್ದ. “ಸರ್ಲೇ, ತಗೊಂಬನ್ನಿ. ಗಂಟೆಯೊಳಗೆ ಖಾಲಿ ಮಾಡಿಸ್ತೀನಿ. ಶ್ಯಾಮಲ, ಸುಣ್ಣದ ಪುಡಿ ಎಲ್ಲಿಟ್ಟೆ?” ಹೆಂಡತಿಯನ್ನು ಕೂಗುತ್ತ ಅವನು ಆಗಲೇ ರಾಗಿ ಮೂಟೆಗೆ ಹೆಗಲು ಕೊಡುತ್ತಿದ್ದ.

ಅಂಜಮ್ಮ ಜೋಡಿಸಿಕೊಂಡು ಬಂದ ಮಾತು ಹಾಗೇ ಉಳಿಯಿತು. ಕೇಳದೆಯೇ ಮನೆ ಸಿಕ್ಕಿದ ಮೇಲೆ ಹೇಳುವುದು ಏಕೆ, ಅದೂ ಈಗಲೇ ಏಕೆ ಎಂದು ಮನಸ್ಸು ಒಳಗೊಳಗೇ ವಕಾಲತ್ತು ಮಾಡಿತು. ಆಕೆ ಅದರ ಮಾತು ಕೇಳಿದಳು. ಬೇರೆ ಯಾರಿದ್ದರೂ ಕೇಳುತ್ತಿದ್ದರೋ ಏನೋ.

ಮಧ್ಯಾಹ್ನ ಹುಳ ಸಾಗಿಸಿದರು. ಹೊಸ ಕಡ್ಡಿ ಸೊಪ್ಪು ಹಾಕಿ, ಹುಳ ಅದರ ಮೇಲೆ ಹತ್ತುವವರೆಗೆ ಕಾದು, ಕಡ್ಡಿ ಸಮೇತ ಬಿದಿರಿನ ತಟ್ಟೆಗೆ ಎತ್ತಿ, ಮೇಲೆ ಬಟ್ಟೆ ಮುಚ್ಚಿ, ಬದುವಿನ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟು ಹೊತ್ತರು. ಶ್ರೀವಾಣಿ ಮುಖ ಬಿಗಿದುಕೊಂಡೇ ಹೊತ್ತಳು. ಮಾಳಿಗೆ ಮನೆಯೊಳಗೆ ಕಾಲಿಟ್ಟಾಗ ಮಾತ್ರ ಅವಳಿಗೆ ಗೊತ್ತಿಲ್ಲದೆಯೇ ಭುಜ ಸಡಿಲವಾಯಿತು. ಹೊರಗಿನ ಚಳಿ ಅಲ್ಲಿ ಬಾಗಿಲಲ್ಲೇ ನಿಂತುಬಿಟ್ಟಿತ್ತು.

ಆಮೇಲಿನ ದಿನಗಳಲ್ಲಿ ಅಂಜಮ್ಮ ಯಜಮಾನಿಯಾದಳು. ಹಿಪ್ಪುನೇರಳೆಯ ಒಣ ಕಡ್ಡಿಯನ್ನು ಅಂಗಳದಲ್ಲೇ ಸುಟ್ಟು, ಹೊಗೆ ಪೂರ್ತಿ ಅಡಗಿದ ಮೇಲೆ ಬರೀ ಕೆಂಡವನ್ನು ಬಾಣಲೆಯಲ್ಲಿ ಒಳಗೆ ತರಬೇಕು. ಮಾಳಿಗೆಯ ಗವಾಕ್ಷಿ ತೆರೆದಿರಬೇಕು, ಬಾಗಿಲು ಒಂದು ಗೇಣು ಓರೆಯಾಗಿರಬೇಕು. ಮಳೆಯಲ್ಲಿ ನೆಂದ ಸೊಪ್ಪನ್ನು ಜಗುಲಿಯ ಹಗ್ಗಕ್ಕೆ ನೇತುಹಾಕಿ, ಹಳೇ ಸೀರೆಯಿಂದ ಒರೆಸಿಯೇ ಹಾಕಬೇಕು. ಶ್ರೀವಾಣಿ ಮೀಟರನ್ನು ತಂದು ಗೋಡೆಯ ಗೂಡಿನಲ್ಲಿಟ್ಟಳು. ಇಪ್ಪತ್ನಾಲ್ಕು. ಅತ್ತೆಯ ಮುಖ ನೋಡಿದಳು. ಎರಡನೆಯ ದಿನ ಹುಳ ಮೇವಿಗೆ ಬಾಯಿ ಹಾಕಿದವು, ಆ ಸರಸರ ಸದ್ದು ಕೇಳಿ ಎಲ್ಲರೂ ಕೈಕೆಲಸ ನಿಲ್ಲಿಸಿದರು.

ಹೊಗೆಸೊಪ್ಪಿಲ್ಲದ ಅಂಜಮ್ಮನ ಅವಸ್ಥೆ ಮಾತ್ರ ದೇವರಿಗೇ ಪ್ರೀತಿ. ತಲೆ ಸಿಡಿಯುತ್ತಿತ್ತು. ಲವಂಗ ಅಗಿದಳು, ಧನಿಯ ಅಗಿದಳು, ಹುಣಸೆಬೀಜ ಅಗಿದಳು. ಹಸುವನ್ನು ಬೈದಳು, ಹಸು ಸಿಗದಾಗ ಮಗನನ್ನು ಬೈದಳು. ಮೂರನೆಯ ದಿನ ಹಿತ್ತಲಿಗೆ ಕರೆದು, “ಒಂದೇ ಒಂದು ಚೂರು ಕೊಡೋ, ತಿಂದು ಸ್ನಾನ ಮಾಡ್ತೀನಿ,” ಎಂದು ಕೇಳಿಯೂ ಕೇಳಿದಳು. ಅವನು ಕೊಡಲಿಲ್ಲ. ಆಮೇಲೆ ಆಕೆಗೇ ನಾಚಿಕೆಯಾಯಿತು.

ನಾಲ್ಕನೆಯ ದಿನ ಜಗುಲಿಯಲ್ಲಿ ಆಕೆ ಮತ್ತು ಮುನಿಕೃಷ್ಣಪ್ಪನ ಹೆಂಡತಿ ಶ್ಯಾಮಲಮ್ಮ ಸೊಪ್ಪು ಒರೆಸುತ್ತ ಕೂತಿದ್ದರು. ಮುನಿಕೃಷ್ಣಪ್ಪ ಅಂಗಳದಲ್ಲಿ ಕೆಂಡ ಮಾಡುತ್ತಿದ್ದ. ಬೆಳಗಿನಿಂದ ಅವನು ಕೂತದ್ದನ್ನು ಯಾರೂ ನೋಡಿರಲಿಲ್ಲ.

“ನೋಡು ಅಕ್ಕ,” ಎಂದಳು ಶ್ಯಾಮಲಮ್ಮ ಸಣ್ಣ ದನಿಯಲ್ಲಿ. “ಶ್ರಾವಣದಿಂದ ಈಯಪ್ಪ ನೆಟ್ಟಗೆ ಒಂದು ಮುದ್ದೆ ಉಂಡಿಲ್ಲ. ‘ಬಾಯಿಲ್ಲದ ಜೀವಗಳ್ನ ಸಾಯಿಸಿಬಿಟ್ಟೆ ಕಣೇ, ಗಾಳಿ ನೋಡಿ ಹೊಡೀಬೇಕಿತ್ತು’ ಅಂತ ಒಂದೇ ಸಮ. ಅದಕ್ಕೇ ನಿಮ್ಮ ಮಗ್ಗುಲ ಮೂರು ಸಾಲು ಬೀಳು ಬಿಟ್ಟವ್ರೆ. ಇನ್ನು ಜನ್ಮದಲ್ಲಿ ಅಲ್ಲಿ ಔಷಧಿ ಹೊಡಿಯಲ್ವಂತೆ. ನೀನು ಬಂದು ಮನೆ ಕೇಳಿದ ಮೇಲೆ ಆಯಪ್ಪನ ಮುಖದಲ್ಲಿ ಸ್ವಲ್ಪ ಕಳೆ ಬಂತು.”

ಅಂಜಮ್ಮನ ಕೈಯಲ್ಲಿದ್ದ ಎಲೆ ಹರಿದುಹೋಯಿತು. ತಾನು ಸುಮ್ಮನಿದ್ದರೆ ಎರಡು ಮನೆಗೆ ಮಾತಿಲ್ಲ, ಅಷ್ಟೇ ತಾನೇ ಎಂದು ಆಕೆ ಇಷ್ಟು ದಿನ ಲೆಕ್ಕ ಹಾಕಿದ್ದಳು. ಒಬ್ಬ ಮನುಷ್ಯ ಮಾಡದ ಪಾಪವನ್ನು ಮಾಡಿದೆನೆಂದೇ ನಂಬಿ ಕೊರಗುತ್ತಾನೆಂದು ಅಂದುಕೊಂಡಿರಲಿಲ್ಲ. ಈಗ ಹೇಳಿದರೆ ಶ್ರೀವಾಣಿ ಇನ್ನೆಂದೂ ತನ್ನನ್ನು ಹುಳ ಮುಟ್ಟಲು ಬಿಡಲಾರಳು. ನಲವತ್ತು ವರ್ಷದ ಚಾಕರಿಗೆ ಅದು ಕೊನೆ. ಹೇಳದಿದ್ದರೆ ಅಂಗಳದಲ್ಲಿ ಬಗ್ಗಿ ಕೆಂಡ ಊದುತ್ತಿರುವ ಈ ಮನುಷ್ಯ ಸಾಯುವ ತನಕ ಊದುತ್ತಲೇ ಇರುತ್ತಾನೆ. ಅವತ್ತು ಆಕೆಗೆ ಮುದ್ದೆ ಇಳಿಯಲಿಲ್ಲ, ಅದಕ್ಕೆ ಹೊಗೆಸೊಪ್ಪಿನ ಕೊರತೆ ಕಾರಣವಾಗಿರಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಕರೆಂಟು ಬಂತು. ಬೀದಿಯಲ್ಲಿ ಮಿಲ್ಲು ಗಡಗಡ ಎಂದಿತು, ಯಾರದೋ ಮನೆಯಲ್ಲಿ ಟೀವಿ ಒದರತೊಡಗಿತು. ಹುಳವನ್ನು ವಾಪಸು ಒಯ್ಯೋಣವೇ ಎಂದು ಉಮಾಶಂಕರ್ ಕೇಳಿದ. ಈ ಸಲ ಬೇಡವೆಂದವಳು ಶ್ರೀವಾಣಿ. “ಇಲ್ಲೇ ಹಣ್ಣಾಗಲಿ ಬಿಡಿ, ಚೆನ್ನಾಗವೆ,” ಎಂದಳು. ಮುನಿಕೃಷ್ಣಪ್ಪನ ಕಡೆ ನೋಡದೆಯೇ ಅಂದಳು, ಆದರೆ ಅವನಿಗೆ ಕೇಳುವ ಹಾಗೆ ಅಂದಳು.

ಮೂರು ದಿನ ಕಳೆದು ಹುಳ ಹಣ್ಣಾದವು. ಹಣ್ಣಾದ ಹುಳ ಮೇವು ಬಿಡುತ್ತದೆ, ಮೈ ಬೆಲ್ಲದ ಬಣ್ಣಕ್ಕೆ ತಿರುಗಿ ಬೆಳಕು ಹಾಯುವಷ್ಟು ತಿಳಿಯಾಗುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಬೆಳಿಗ್ಗೆ ಹತ್ತರ ಬಿಸಿಲಿಗೆ ಬಾಗಿಲು ಹಾರು ಹೊಡೆದು ಐದೂ ಜನ ಕೂತು ಆರಿಸುತ್ತಿದ್ದರು. ಮುನಿಕೃಷ್ಣಪ್ಪ ಒಂದು ಹುಳವನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಚಂದ್ರಿಕೆಗೆ ಬಿಟ್ಟ.

“ಇವಾದ್ರೂ ಉಳಿದ್ವು ಅಕ್ಕಯ್ಯ,” ಎಂದ. “ನಾನು ಮಾಡಿದ್ದಕ್ಕೆ ಸ್ವಲ್ಪ ಸಮಾಧಾನ.”

ಅಂಜಮ್ಮ ಕೈಯಲ್ಲಿದ್ದ ಹುಳಗಳನ್ನು ತಟ್ಟೆಗೆ ಇಳಿಸಿದಳು.

“ನೀನು ಏನೂ ಮಾಡಿಲ್ಲ ಕಣೋ ಮುನಿಕೃಷ್ಣ. ಶ್ರಾವಣದಲ್ಲಿ ಹುಳ ಸಾಯಿಸಿದ್ದು ನಾನು. ಬಾಯಲ್ಲಿ ಹೊಗೆಸೊಪ್ಪು ಇಟ್ಕೊಂಡು, ಆ ಕೈಯಲ್ಲೇ ಎರಡು ಸ್ಟ್ಯಾಂಡಿಗೆ ಸೊಪ್ಪು ಹಾಕಿದೆ. ಅವೇ ಎರಡು ಸ್ಟ್ಯಾಂಡಿನ ಹುಳ ಕಕ್ಕಿದ್ದು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.”

ಹುಳ ಚಂದ್ರಿಕೆಯ ಮೇಲೆ ಹರಿದಾಡುತ್ತಿದ್ದವು.

“ಅಂದ್ರೆ ನನ್ನ ಔಷಧಿಗಲ್ವ ಅವು ಸತ್ತಿದ್ದು?” ಎಂದ ಮುನಿಕೃಷ್ಣಪ್ಪ.

“ಅಲ್ಲ.”

“ನಾನು ಸಾಯಿಸಿಲ್ಲ.”

“ಇಲ್ಲ ಕಣಪ್ಪ.”

ಅವನು ಎದ್ದ. ಬೈಯುತ್ತಾನೆಂದು ಅಂಜಮ್ಮ ತಲೆ ತಗ್ಗಿಸಿದಳು, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವನು ಹೊರಗೆ ಹೋಗಿ, ಜಗುಲಿಯ ಕಂಬಕ್ಕೆ ಒರಗಿ, ಹೆಗಲ ಮೇಲಿನ ಟವಲು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ನಿಂತ. ಶ್ಯಾಮಲಮ್ಮ ಅವನ ಹಿಂದೆ ಹೋದಳು. ಆಮೇಲೆ ಶ್ರೀವಾಣಿಯೂ ಎದ್ದು ಹೋದಳು. ಅಲ್ಲಿ ಅವಳು ಏನಂದಳೋ ಒಳಗಿದ್ದವರಿಗೆ ಕೇಳಿಸಲಿಲ್ಲ, ಬಗ್ಗಿ ಆತನ ಕಾಲು ಮುಟ್ಟಿದ್ದು ಮಾತ್ರ ಕಾಣಿಸಿತು.

ವಾಪಸು ಬಂದು ಅತ್ತೆಯ ಎದುರು ಕೂತಳು. ಅವಳ ಮುಖ ಕೆಂಪಾಗಿತ್ತು.

“ನಾಲ್ಕು ತಿಂಗಳು ಅತ್ತೆ. ನಾನು ಆಯಪ್ಪನ್ನ ಏನೇನಂದೆ, ಕೇಳಿಸಿಕೊಂಡು ಸುಮ್ನಿದ್ರಿ.”

“ಹೂಂ,” ಎಂದಳು ಅಂಜಮ್ಮ. ಆಕೆ ಏಳಲು ನೆಲಕ್ಕೆ ಕೈ ಊರಿದಳು, ಇನ್ನು ಈ ಜಾಗ ತನ್ನದಲ್ಲ ಎಂದುಕೊಂಡು.

“ಕೈ ಕೊಡಿ,” ಎಂದಳು ಶ್ರೀವಾಣಿ.

ಅಂಜಮ್ಮ ಕೈ ಚಾಚಿದಳು. ಸೊಸೆ ಆ ಎರಡೂ ಕೈಗಳನ್ನು ಹಿಡಿದು, ಮೂಗಿನ ಹತ್ತಿರ ತಂದು, ಒಂದೊಂದೇ ಬೆರಳನ್ನು ಮೂಸಿ ನೋಡಿದಳು. ಬೂದಿಯ ವಾಸನೆ, ಹಿಪ್ಪುನೇರಳೆಯ ವಾಸನೆ. ಆಮೇಲೆ ತನ್ನ ತಟ್ಟೆಯಿಂದ ಒಂದು ಬೊಗಸೆ ಹಣ್ಣು ಹುಳ ಎತ್ತಿ ಆ ಅಂಗೈಗಳಿಗೆ ಸುರಿದಳು. “ಬಿಸಿಲು ಏರೋದ್ರೊಳಗೆ ಬಿಡಬೇಕು, ಬೇಗ ಬೇಗ,” ಎಂದಳು. ಅವಳ ದನಿ ಇನ್ನೂ ಒರಟಾಗಿಯೇ ಇತ್ತು.

ಮಾರನೆಯ ಬೆಳಿಗ್ಗೆ ಉಮಾಶಂಕರ್ ಬಟ್ಟೆಯ ಚೀಲ ತಂದು ಹಿಡಿದ. ಹುಳ ಗೂಡಿಗೆ ಹತ್ತಿದವಲ್ಲಮ್ಮ ಎಂದ. ಅಂಜಮ್ಮ ಚೀಲ ನೋಡಿದಳು, ಅದರ ಗಂಟು ನೋಡಿದಳು. “ಇರ್ಲಿ, ಸಾಯಂಕಾಲ ನೋಡೋಣ,” ಎಂದು ಕಳೆ ಕೀಳುವ ಕುರ್ಚಿಗೆಯನ್ನು ತೆಗೆದುಕೊಂಡು ತೋಟದ ಕಡೆ ನಡೆದಳು.

ಬದುವಿನ ಆಚೆ, ಬೀಳು ಬಿಟ್ಟ ಮೂರು ಸಾಲಿನಲ್ಲಿ ಮುನಿಕೃಷ್ಣಪ್ಪ ಕೂತು ಕಳೆ ಕೀಳುತ್ತಿದ್ದ. ಅಂಜಮ್ಮ ಬದು ಇಳಿದು ಎರಡನೆಯ ಸಾಲಿಗೆ ಕೂತಳು. ಸಾಲು ಅರ್ಧ ಮುಗಿಯುವವರೆಗೆ ಇಬ್ಬರೂ ಕಳೆ ಕಿತ್ತರು.

“ಒಂದು ಮಾತು ಹೇಳ್ಬೋದಿತ್ತು ಅಕ್ಕಯ್ಯ ನೀನು,” ಎಂದ ಕೊನೆಗೆ, ತಲೆ ಎತ್ತದೆ.

“ಹೇಳ್ಬೇಕಿತ್ತು ಕಣೋ.”

ಅವನು ಕಿತ್ತ ಗರಿಕೆಯನ್ನು ಕೊಡವಿ ಬದುವಿನ ಮೇಲೆ ಎಸೆದ. “ಇಲ್ಲೂ ಟೊಮ್ಯಾಟೊನೇ ಇಡ್ತೀನಿ. ಔಷಧಿ ಹೊಡೆಯೋ ದಿನ ಕೂಗ್ತೀನಿ, ನೀನು ಬಂದು ಗಾಳಿ ಯಾವ ಕಡೆಗೈತೆ ನೋಡಿ ಹೇಳು.”

“ಬರ್ತೀನಿ,” ಎಂದು ಅಂಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಮುಂದಿನ ಕಳೆಗಿಡದ ಬುಡಕ್ಕೆ ಕುರ್ಚಿಗೆ ಹಾಕಿದಳು.